ಕನ್ನಡಿಯ ಮುಂದೆ

ಮಠದಲ್ಲಿ ಶಿಕ್ಷಾಶಾಸ್ತ್ರವನ್ನು ಓದಿದ ನಮಗೆ ವರ್ಣಗಳ ಸ್ಥಾನ-ಪ್ರಯತ್ನಗಳು ಕಂಠಪಾಠ. ಆದರೂ ಪ್ರಸಾದ ನಿಲಯದ ಮಕ್ಕಳಿಗೆ ಇಂಗ್ಲಿಷ್ ಕಲಿಸುವಾಗ ಆ ವಿದ್ಯೆಯನ್ನು ಮರೆತು, ‘ನಾವು ಅಂದಂತೆ ಅನ್ನಿರಿ’ ಎಂದು ಗದರುತ್ತಿದ್ದೆವು. ಒಮ್ಮೆ ಬಾಲಕನೊಬ್ಬನು, ‘ಗುರುಗಳೇ, ಪಶ್ಚಿಮಕ್ಕೂ ವೆಸ್ಟ್, ಬನಿಯನ್ನಿಗೂ ವೆಸ್ಟ್, ಭೇದವೇನು?’ ಎಂದು ಕೇಳಿದನು. ನಮ್ಮ ಬಾಯಿಯಲ್ಲಿಯೂ ಭೇದವಿರಲಿಲ್ಲ! ಕನ್ನಡದ ವಕಾರವೊಂದೇ ಎರಡಕ್ಕೂ ದುಡಿಯುತ್ತಿತ್ತು.

ಆ ರಾತ್ರಿ ಕನ್ನಡಿಯ ಮುಂದೆ ಕುಳಿತೆವು. ಬನಿಯನ್ನಿನ ವಕಾರವು ದಂತ್ಯೋಷ್ಠ್ಯ. ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಿ, ಉಸಿರು ಉಜ್ಜಿಕೊಂಡು ಹೊರಡಬೇಕು. ದಿಕ್ಕಿನದಕ್ಕೆ ಹಲ್ಲಿನ ಕೆಲಸವಿಲ್ಲ. ‘ಉ’ ಎನ್ನುವಂತೆ ತುಟಿಗಳೆರಡೂ ದುಂಡಗಾಗಬೇಕು. ಅರವತ್ತು ದಾಟಿದ ಬಾಯಿ, ಬೇಗ ಬಗ್ಗಲಿಲ್ಲವೆನ್ನಿ. ಮರುದಿನ ಬಾಲಕನ ಕೈಗೆ ಕನ್ನಡಿಯನ್ನೇ ಕೊಟ್ಟೆವು. ನಾಲ್ಕನೆಯ ಸಲಕ್ಕೆ ಅವನಿಗೆ ಎರಡೂ ಬಂದವು. ನಮ್ಮದನ್ನು ಅವನೇ ತಿದ್ದಿದನು.