ವೈಟ್‌ಫೀಲ್ಡಿನಿಂದ ವಿಮಾನದ ಮೆಟ್ಟಿಲವರೆಗೆ

ಕಳೆದ ಮಾಗಿಯಲ್ಲಿ ನಾವೂ ನಮ್ಮ ಮನೆಯವರೂ ವೈಟ್‌ಫೀಲ್ಡಿನಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿ ಎಂಟು ದಿನ ಇದ್ದು ಬಂದೆವು. ಊರು ನೋಡಬೇಕೆಂಬುದೇ ನಮ್ಮ ಉದ್ದೇಶವಾಗಿತ್ತು. ಆದರೆ ಅಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಊರಿನ ನೆಲವಲ್ಲ, ಅದರ ಮೇಲಿನ ಆಕಾಶ. ಆ ಸಂಗತಿಯನ್ನು ವಾಚಕರ ಮುಂದೆ ಇಡುವುದಕ್ಕಾಗಿಯೇ ಈ ಬರಹ.

ವೈಟ್‌ಫೀಲ್ಡ್ ಬೆಂಗಳೂರಿನ ಪೇಟೆಯಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ. ಮೈಸೂರಿನ ಮಹಾರಾಜರಾಗಿದ್ದ ಹತ್ತನೆಯ ಚಾಮರಾಜ ಒಡೆಯರವರು 1882ರಲ್ಲಿ ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದವರಿಗೆ 3,900 ಎಕರೆ ಭೂಮಿಯನ್ನು ಕೊಟ್ಟರು. ಆ ಸಂಘದ ಮುಂದಾಳಾಗಿದ್ದ ಡೇವಿಡ್ ಇಮ್ಯಾನುಯಲ್ ಸ್ಟಾರ್ಕೆನ್‌ಬರ್ಗ್ ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ವ್ಯವಸಾಯದಿಂದ ಬದುಕಲೆಂದು ಬಂದ ಆ ಜನರು ವೃತ್ತಾಕಾರವಾದ ಬೀದಿಯ ಸುತ್ತ ಹೆಂಚಿನ ಮನೆಗಳನ್ನು ಕಟ್ಟಿಕೊಂಡರು. ಆ ಬೀದಿಯನ್ನು ಇಂದಿಗೂ ‘ಇನ್ನರ್ ಸರ್ಕಲ್’ ಎನ್ನುತ್ತಾರೆ. ಅಲ್ಲಿ ಉಳಿದಿರುವ ಹಳೆಯ ಮರಗಳ ನೆರಳಿನಲ್ಲಿ ನಡೆಯುವವರಿಗೆ, ಕೂಗಳತೆಯಾಚೆ ಗಾಜಿನ ಸೌಧಗಳ ಸಾಲೇ ಇದೆಯೆಂಬುದು ಒಂದು ಕ್ಷಣ ಮರೆತೇ ಹೋಗುತ್ತದೆ. ಸಿಂಗಪುರದ ಸಂಸ್ಥೆಗಳೂ ಟಾಟಾ ಸಂಸ್ಥೆಯೂ ನಮ್ಮ ಸರ್ಕಾರದ ಮಂಡಳಿಯೂ ಕೂಡಿ 1990ರ ದಶಕದಲ್ಲಿ ಇಲ್ಲಿ ತಂತ್ರಜ್ಞಾನದ ಉದ್ಯಾನವನ್ನು ಕಟ್ಟಿದಂದಿನಿಂದ ಊರಿನ ಮುಖಚರ್ಯೆಯೇ ಬದಲಾಯಿತು.

ನಾವು ಹೋದ ಎರಡನೆಯ ರಾತ್ರಿ, ಇನ್ನೂ ನಾಲ್ಕು ಗಂಟೆಯೂ ಆಗಿರಲಿಲ್ಲ, ಅಡಿಗೆಮನೆಯಲ್ಲಿ ದೀಪ ಹತ್ತಿತು. ಎದ್ದು ನೋಡಲು, ನಮ್ಮ ಸೋದರಳಿಯನು ಸ್ನಾನ ಮುಗಿಸಿ ನಿಂತೇ ಕಾಫಿ ಕುಡಿಯುತ್ತಿದ್ದನು. ಚೆನ್ನೈಯಲ್ಲಿ ಒಂದು ದಿನದ ಕೆಲಸ, ರಾತ್ರಿಗೆ ಹಿಂತಿರುಗಬೇಕು.

“ಇಷ್ಟು ಹೊತ್ತಿಗೇ ಏಕಪ್ಪಾ? ವಿಮಾನ ಹಾರುವುದು ಒಂದು ಗಂಟೆಯ ದಾರಿಯಲ್ಲವೆ?” ಎಂದೆವು.

“ಹಾರುವುದು ಒಂದೇ ಗಂಟೆ, ಮಾವ. ಹಾರುವುದಕ್ಕೆ ಮುಂಚಿನದು ಮೂರು ಗಂಟೆ,” ಎಂದು ಹೇಳಿ ಹೊರಟುಹೋದನು.

ಅವನು ಮನೆಗೆ ಬಂದಾಗ ರಾತ್ರಿ ಹನ್ನೊಂದು ಹೊಡೆಯುತ್ತಿತ್ತು. ಹೋಗಿ ಬರುವುದರಲ್ಲಿ ಗಾಳಿಯಲ್ಲಿದ್ದದ್ದು ಎರಡು ಗಂಟೆ. ಮನೆಯಿಂದ ಹೊರಗಿದ್ದದ್ದು ಹದಿನೆಂಟು ಗಂಟೆಗೂ ಮಿಗಿಲು. ಎಂಟನೆಯ ತರಗತಿಯಲ್ಲಿರುವ ಮಗನು ತಂದೆಗಾಗಿ ಕಾದು, ಪುಸ್ತಕದ ಮೇಲೆಯೇ ತಲೆಯಿಟ್ಟು ಮಲಗಿದ್ದನು.

ಆಗ ಅಕ್ಕನವರು ಹೇಳಿದರು: “ಇವನ ಅಕ್ಕ ಚಿಕ್ಕವಳಾಗಿದ್ದಾಗ ಹೀಗಿರಲಿಲ್ಲ ತಮ್ಮಾ. ಬೆಳಗ್ಗೆ ತಿಂಡಿ ತಿಂದು ಮದರಾಸಿಗೆ ಹೋದವನು ರಾತ್ರಿ ಅವಳ ಜೊತೆ ಕೂತು ಊಟ ಮಾಡುತ್ತಿದ್ದ. ಆಗ ವಿಮಾನ ಇಲ್ಲೇ ನಮ್ಮ ದಾರಿಯಲ್ಲೇ ಇತ್ತು.”

ಅಕ್ಕನವರು ‘ಇಲ್ಲೇ’ ಎಂದದ್ದು ಎಚ್.ಎ.ಎಲ್. ವಿಮಾನ ನಿಲ್ದಾಣವನ್ನು. ಅದು ವೈಟ್‌ಫೀಲ್ಡಿಗೂ ಪೇಟೆಗೂ ನಡುವೆ ಇದೆ. ಅವರ ಮನೆಯಿಂದ ಸುಮಾರು ಹತ್ತು ಕಿಲೋಮೀಟರ್. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಾಗ ಹುಟ್ಟಿದ ಮೈದಾನವದು. ಯುದ್ಧದ ವಿಮಾನಗಳಿಗೆಂದು ಆದ ಆ ಓಡುದಾರಿಯನ್ನು ಮುಂದೆ ಪ್ರಯಾಣಿಕರ ವಿಮಾನಗಳೂ ಬಳಸತೊಡಗಿದವು. 1953ರಲ್ಲಿ ದೇಶದ ವಿಮಾನ ಸಂಸ್ಥೆಗಳು ರಾಷ್ಟ್ರದ ಸ್ವತ್ತಾದ ಮೇಲೆ ಬಹುಕಾಲ ಇಂಡಿಯನ್ ಏರ್‌ಲೈನ್ಸ್ ಒಂದೇ ಗತಿಯಾಗಿತ್ತು. 1990ರ ದಶಕದಲ್ಲಿ ಖಾಸಗಿ ಸಂಸ್ಥೆಗಳಿಗೆ ಮತ್ತೆ ಅವಕಾಶವಾಗಿ ವಿಮಾನಗಳ ಸಂಖ್ಯೆ ಏರಿತು. ಬೆಳಗ್ಗೆ ಹೋಗಿ ರಾತ್ರಿ ಬರುವ ವ್ಯವಹಾರದ ಪ್ರಯಾಣವು ಅಂದಿನಿಂದ ವೈಟ್‌ಫೀಲ್ಡಿನವರಿಗೆ ಕೈಗೆಟುಕಿತು.

ಹೀಗೆ ಎರಡು ಊರುಗಳ ನಡುವೆ ದಿನವೆಲ್ಲ ಹೋಗಿ ಬರುವ ವಿಮಾನ ಸೇವೆಗೆ ‘ಷಟಲ್’ ಎಂದು ಹೆಸರು. ಷಟಲ್ ಎಂದರೆ ನಮ್ಮ ನೇಕಾರರ ಲಾಳಿಯೇ. ಹಾಸುನೂಲಿನ ನಡುವೆ ಅತ್ತಿಂದಿತ್ತ ಇತ್ತಿಂದತ್ತ ಓಡಾಡುವ ಲಾಳಿಯು ಒಂದೆಡೆ ತಡೆದು ನಿಂತರೆ ಬಟ್ಟೆ ಬೆಳೆಯುವುದಿಲ್ಲ. ಈ ಸೇವೆಯೂ ಅಂಥದೇ. ಬ್ರೆಜಿಲ್ ದೇಶದಲ್ಲಿ 1959ರಲ್ಲಿ ಮೂರು ವಿಮಾನ ಸಂಸ್ಥೆಗಳು ಸ್ಪರ್ಧೆಯನ್ನು ಬದಿಗಿಟ್ಟು ರಿಯೋ ಮತ್ತು ಸಾವೊ ಪೌಲೊ ನಗರಗಳ ನಡುವೆ ‘ವಾಯುಸೇತುವೆ’ಯನ್ನು ತೊಡಗಿಸಿದವು. ಅಮೆರಿಕದಲ್ಲಿ ಈಸ್ಟರ್ನ್ ಸಂಸ್ಥೆಯು 1961ರ ಏಪ್ರಿಲ್ 30ರಂದು ನ್ಯೂಯಾರ್ಕಿನಿಂದ ಬಾಸ್ಟನ್, ವಾಷಿಂಗ್ಟನ್ ನಗರಗಳಿಗೆ ಇಂಥ ಸೇವೆಯನ್ನು ಆರಂಭಿಸಿತು. ಅಲ್ಲಿ ಮುಂಗಡವಾಗಿ ಆಸನ ಕಾದಿರಿಸಬೇಕಾಗಿರಲಿಲ್ಲ. ಬಂದವನು ನೇರವಾಗಿ ಹತ್ತಿ ಕುಳಿತು, ಹಾರುತ್ತಿರುವಾಗಲೇ ಹಣ ಕೊಡಬಹುದಾಗಿತ್ತು. ವಿಮಾನ ತುಂಬಿ ಒಬ್ಬನೇ ಉಳಿದರೂ ಅವನಿಗಾಗಿ ಇನ್ನೊಂದು ವಿಮಾನವನ್ನು ಹೊರಡಿಸುವೆವೆಂದು ಸಂಸ್ಥೆಯವರು ಮಾತು ಕೊಟ್ಟಿದ್ದರು. ಲಂಡನ್ ಮತ್ತು ಗ್ಲಾಸ್ಗೋ ನಡುವೆ 1975ರಲ್ಲಿ ಇದೇ ಬಗೆಯ ಸೇವೆ ಬಂದಿತು.

ಈ ಸೇವೆಗಳು ಗೆದ್ದದ್ದು ವಿಮಾನಗಳ ವೇಗದಿಂದ ಮಾತ್ರವೇ ಅಲ್ಲ. ರಿಯೋ, ಸಾವೊ ಪೌಲೊಗಳ ಆ ಎರಡು ನಿಲ್ದಾಣಗಳೂ ಊರೊಳಗೇ ಇವೆ. ನ್ಯೂಯಾರ್ಕಿನದೂ ಊರಿಗೆ ಅಂಟಿಕೊಂಡಿದೆ. ಕಚೇರಿಯ ಬಾಗಿಲಿನಿಂದ ವಿಮಾನದ ಮೆಟ್ಟಿಲವರೆಗಿನ ದಾರಿ ಚಿಕ್ಕದಾಗಿದ್ದರೆ ಮಾತ್ರ ಒಂದು ಗಂಟೆಯ ಹಾರಾಟವು ಒಂದು ಗಂಟೆಯಾಗಿ ಉಳಿಯುತ್ತದೆ.

ನಮ್ಮ ನಾಡಿನಲ್ಲಿ ಸಣ್ಣ ದೂರದ ಹಾರಾಟಕ್ಕೆ ಹೊಸ ಜೀವ ಕೊಟ್ಟವರು ಕ್ಯಾಪ್ಟನ್ ಜಿ. ಆರ್. ಗೋಪಿನಾಥರು. ಹಾಸನ ಜಿಲ್ಲೆಯ ಗೊರೂರಿನವರಾದ ಇವರು ಸೈನ್ಯದಿಂದ ನಿವೃತ್ತರಾಗಿ, ರೇಷ್ಮೆಯ ಕೃಷಿ ಮಾಡಿ, ಬಳಿಕ ಹೆಲಿಕಾಪ್ಟರುಗಳ ಸಂಸ್ಥೆಯನ್ನು ಕಟ್ಟಿದವರು. 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಎಂಬ ಹೆಸರಿನಲ್ಲಿ ಪಂಖದ ಸಣ್ಣ ಎ.ಟಿ.ಆರ್. ವಿಮಾನಗಳನ್ನು ಹಾರಿಸಿದರು. ಹುಬ್ಬಳ್ಳಿಯಂಥ ಊರುಗಳಿಗೂ ಬೆಂಗಳೂರಿನ ವಿಮಾನ ಬಂದಿತು. ಊಟ ತಿಂಡಿಯ ಉಪಚಾರವನ್ನು ಬಿಟ್ಟು ದರವನ್ನು ಇಳಿಸಿದರು. ಕೆಲವು ಟಿಕೆಟುಗಳನ್ನು ಒಂದು ರೂಪಾಯಿಗೂ ಮಾರಿದರು. ಕಾಸಿಗೆ ತಕ್ಕ ಕಜ್ಜಾಯವೆಂದು ನಕ್ಕವರೂ ಉಂಟು. ಆದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಹುಬ್ಬಳ್ಳಿಗೆ ಹೋಗುತ್ತಿದ್ದ ನಮ್ಮ ಸೋದರಳಿಯನು ಅಂದು ಮೊದಲ ಸಲ ಒಂದು ಗಂಟೆಯಷ್ಟರಲ್ಲಿ ಅಲ್ಲಿಗೆ ಮುಟ್ಟಿ, ಇಳಿದ ಕೂಡಲೇ ತಾಯಿಗೆ ದೂರವಾಣಿ ಮಾಡಿದ್ದನ್ನು ಅಕ್ಕನವರು ಇನ್ನೂ ಮರೆತಿಲ್ಲ. ದರ ಅಗ್ಗವಾದರೂ ವಿಮಾನದ ಖರ್ಚು ಅಗ್ಗವಾಗಲಿಲ್ಲ. ನಷ್ಟ ಬೆಳೆಯಿತು. 2007ರಲ್ಲಿ ಕಿಂಗ್‌ಫಿಷರ್ ಸಂಸ್ಥೆಯವರು ಪಾಲು ಕೊಂಡರು, ಮರುವರ್ಷ ಡೆಕ್ಕನ್ನಿನ ಹೆಸರು ಅಳಿಯಿತು, 2012ರಲ್ಲಿ ಕಿಂಗ್‌ಫಿಷರಿನ ಹಾರಾಟವೂ ನಿಂತುಹೋಯಿತು.

ಇಷ್ಟರಲ್ಲಿ ವೈಟ್‌ಫೀಲ್ಡಿನವರಿಗೆ ಇನ್ನೂ ದೊಡ್ಡದಾದ ಬದಲಾವಣೆಯೊಂದು ನಡೆದಿತ್ತು. 2008ರ ಮೇ 24ರಂದು ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣವು ತೆರೆಯಿತು, ಎಚ್.ಎ.ಎಲ್. ನಿಲ್ದಾಣದಲ್ಲಿ ನಿತ್ಯದ ಪ್ರಯಾಣಿಕ ವಿಮಾನಗಳು ನಿಂತವು. ಹೊಸ ನಿಲ್ದಾಣಕ್ಕೆ 150 ಕಿಲೋಮೀಟರಿನೊಳಗೆ 25 ವರ್ಷ ಇನ್ನೊಂದು ನಿಲ್ದಾಣ ಬರಕೂಡದೆಂಬ ಕರಾರು ಇತ್ತು. ಮೈಸೂರು, ಹಾಸನಗಳಿಗೆ ಮಾತ್ರ ವಿನಾಯಿತಿ. ಎರಡೂ ನಿಲ್ದಾಣಗಳು ಇರಲಿ ಎಂದು ಅನೇಕ ನಾಗರಿಕರು ಕೇಳಿಕೊಂಡರು, ಅದು ನಡೆಯಲಿಲ್ಲ.

ಇದರಲ್ಲಿ ತಪ್ಪು ಯಾರದೆಂದು ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಹಳೆಯ ನಿಲ್ದಾಣವು ಜನರಿಂದ ಕಿಕ್ಕಿರಿದಿತ್ತು. ಬೆಳೆಯಲು ಸುತ್ತ ಸ್ಥಳವಿರಲಿಲ್ಲ. ರಕ್ಷಣೆಯ ವಿಮಾನಗಳಿಗೂ ಅದೇ ಓಡುದಾರಿ. ಹೊಸದರಲ್ಲಿ 2019ರಿಂದ ಎರಡು ಓಡುದಾರಿಗಳಿವೆ. ಕೆಂಪೇಗೌಡರ ಹೆಸರು ಹೊತ್ತ ಆ ನಿಲ್ದಾಣವಿಲ್ಲದೆ ಬೆಂಗಳೂರಿನ ಇಂದಿನ ಪ್ರಯಾಣಿಕರನ್ನು ಸಾಗಿಸುವುದು ಅಸಾಧ್ಯವೆಂದೇ ಹೇಳಬೇಕು. ಆದರೆ ವೈಟ್‌ಫೀಲ್ಡಿನ ಗೃಹಸ್ಥನಿಗೆ ಹತ್ತು ಕಿಲೋಮೀಟರ್ ಇದ್ದದ್ದು ಸುಮಾರು ನಲವತ್ತಾಯಿತು. ಉಪಚಾರಗಳೆಲ್ಲ ಹೆಚ್ಚಿದವು, ಸಂಜೆಯೊಂದು ಮಾತ್ರ ಕೈಬಿಟ್ಟಿತು.

ದಾರಿ ಉದ್ದವಾದಾಗ ಆಕಾಶದಿಂದಲೇ ಅದನ್ನು ಕುಗ್ಗಿಸಲು ಕೆಲವರು ಯತ್ನಿಸಿದರು. 2018ರ ಮಾರ್ಚಿನಲ್ಲಿ ಥಂಬಿ ಏವಿಯೇಷನ್ ಎಂಬ ಸಂಸ್ಥೆಯು ನಗರದ ಇನ್ನೊಂದು ಉದ್ಯಮದ ನೆಲೆಯಾದ ಎಲೆಕ್ಟ್ರಾನಿಕ್ ಸಿಟಿಗೂ ನಿಲ್ದಾಣಕ್ಕೂ ನಡುವೆ ಹೆಲಿಕಾಪ್ಟರ್ ಸೇವೆಯನ್ನು ತೊಡಗಿಸಿತು. ರಸ್ತೆಯಲ್ಲಿ ಎರಡು ಗಂಟೆ ಹಿಡಿಯುವ ದಾರಿಗೆ ಹದಿನೈದು ನಿಮಿಷ. ದರ ತೆರಿಗೆ ಬಿಟ್ಟು 3,500 ರೂಪಾಯಿ. ಮತ್ತೆ 2022ರ ಅಕ್ಟೋಬರಿನಲ್ಲಿ ಬ್ಲೇಡ್ ಇಂಡಿಯಾ ಸಂಸ್ಥೆಯು ತೆರಿಗೆ ಬಿಟ್ಟು 3,250 ರೂಪಾಯಿಗೆ ಹನ್ನೆರಡು ನಿಮಿಷದ ಸೇವೆಯನ್ನು ಆರಂಭಿಸಿತು. ಎಲ್ಲಿಂದ ಎಂದು ವಾಚಕರು ಕೇಳಬಹುದು. ಅದೇ ಎಚ್.ಎ.ಎಲ್. ನಿಲ್ದಾಣದಿಂದ! ಒಂದು ಕಾಲಕ್ಕೆ ವಿಮಾನ ಹತ್ತುತ್ತಿದ್ದ ಜಾಗದಿಂದ, ಈಗ ವಿಮಾನ ಹತ್ತುವ ಜಾಗಕ್ಕೆ ಹಾರಿಹೋಗುವ ಏರ್ಪಾಡು ಅದು.

ನಾವು ಈ ದರವನ್ನು ಹೇಳಲು ಅಕ್ಕನವರು ಬೆರಳೆಣಿಸಿ, “ದಿನಕ್ಕೆ ಎರಡು ಲೀಟರಿನ ಹಾಗೆ ತಿಂಗಳ ಹಾಲಿನ ದುಡ್ಡು ಒಂದು ಹೊತ್ತಿನ ದಾರಿಗೆ!” ಎಂದು ನಕ್ಕುಬಿಟ್ಟರು. ಆ ನಗೆಯಲ್ಲಿ ಅರ್ಥಶಾಸ್ತ್ರವೇ ಅಡಗಿತ್ತು. ಐದಾರು ಜನರನ್ನು ಮಾತ್ರ ಹೊರುವ ಯಂತ್ರದ ಎಣ್ಣೆ, ಚಾಲಕ, ರಿಪೇರಿಗಳ ಖರ್ಚೆಲ್ಲವೂ ಆ ಐದಾರು ತಲೆಗಳ ಮೇಲೆಯೇ ಬೀಳಬೇಕಷ್ಟೆ. ಲಾಳಿಯಂತೆ ದಿನವಿಡೀ ಓಡಾಡುವುದಕ್ಕೆ ಬೇಕಾದಷ್ಟು ಜನರು ಆ ದರಕ್ಕೆ ಸಿಗುವುದು ಕಷ್ಟ.

ಮರುದಿನ ನಾವು ಬೇರೊಂದು ದಾರಿಯನ್ನು ಪರೀಕ್ಷಿಸಿದೆವು. 2023ರ ಮಾರ್ಚ್ 25ರಂದು ವೈಟ್‌ಫೀಲ್ಡಿಗೆ ಮೆಟ್ರೋ ರೈಲು ಬಂದಿತಷ್ಟೆ. ಅದನ್ನು ಹತ್ತಿ ಕೃಷ್ಣರಾಜಪುರದವರೆಗೆ ಹೋದೆವು. ಕೆಳಗೆ ಮೋಟಾರುಗಳು ಇರುವೆಯ ಸಾಲಿನಂತೆ ನಿಂತಿದ್ದವು; ನಾವು ಕಂಬಗಳ ಮೇಲೆ ಸರಾಗವಾಗಿ ಸಾಗಿದೆವು. ಅಲ್ಲಿಂದ ವಿಮಾನ ನಿಲ್ದಾಣದ ಕಡೆಗೆ ಮೆಟ್ರೋದ ಇನ್ನೊಂದು ದಾರಿಯ ಕಂಬಗಳು ಎದ್ದಿರುವುದನ್ನೂ ಕಂಡೆವು. ಆ ತನಕ ಬಡವನ ಷಟಲ್ ಎಂದರೆ ನಗರ ಸಾರಿಗೆಯ ‘ವಾಯು ವಜ್ರ’ ಬಸ್ಸೇ ಸರಿ. ಹೆಸರಿನಲ್ಲಿ ವಾಯುವಿದ್ದರೂ ಅದು ನೆಲದ ಮೇಲೆಯೇ ಓಡಬೇಕು, ಇತರರೊಡನೆ ನಿಲ್ಲಲೂ ಬೇಕು. ಆದರೂ ಅದರಲ್ಲಿ ನಲವತ್ತು ಜನ ಒಟ್ಟಿಗೆ ಹೋಗಬಲ್ಲರು. ದಿನಕ್ಕೆ ಹಲವು ಬಾರಿ ಹೋಗಿಬರಬಲ್ಲದು. ಲಾಳಿಯ ಗುಣ ಅದರಲ್ಲಿದೆ.

ಸಣ್ಣ ದೂರದ ಹಾರಾಟವೂ ನಾಡಿನಲ್ಲಿ ಅಳಿದಿಲ್ಲ. ಸ್ಟಾರ್ ಏರ್ ಸಂಸ್ಥೆಯು 2019ರಲ್ಲಿ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಾಟವನ್ನು ಆರಂಭಿಸಿತು. ಅದೇ ವರ್ಷ ಕಲಬುರಗಿಯಲ್ಲಿಯೂ, 2023ರಲ್ಲಿ ಶಿವಮೊಗ್ಗದಲ್ಲಿಯೂ ವಿಮಾನ ನಿಲ್ದಾಣಗಳು ತೆರೆದವು. ಆ ಊರುಗಳವರಿಗೆ ನಮ್ಮದೊಂದು ಬಿನ್ನಹವಿದೆ. ಹೊಸ ನಿಲ್ದಾಣ ಬಂದಾಗ ಓಡುದಾರಿ ಎಷ್ಟು ಉದ್ದವೆಂದು ಕೇಳುವಂತೆಯೇ, ಮನೆಯ ಹೊಸಿಲಿನಿಂದ ಅಲ್ಲಿಗೆ ಎಷ್ಟು ಹೊತ್ತು ಎಂಬುದನ್ನೂ ಕೇಳತಕ್ಕದ್ದು. ವಿಮಾನದಲ್ಲಿ ಉಳಿದ ಹೊತ್ತು ರಸ್ತೆಯ ಪಾಲಾದರೆ, ಟಿಕೆಟಿನ ಹಣದಿಂದ ನಾವು ಕೊಂಡದ್ದಾದರೂ ಏನು?

ನಾವು ಹೊರಡುವ ದಿನ ಸಾಯಂಕಾಲ ಮಹಡಿಯ ಮೇಲೆ ಕುಳಿತಿದ್ದೆವು. ಪಶ್ಚಿಮದ ಕಡೆಯಿಂದ ಗುಡುಗಿನಂತಹ ಸದ್ದೊಂದು ಕೇಳಿಬಂದಿತು. ಮಗುವು ಕೈಯಲ್ಲಿದ್ದ ಕಡಲೆಕಾಯಿಯನ್ನು ಬಿಟ್ಟು ಗೋಡೆಯಂಚಿಗೆ ಓಡಿದನು. “ತಾತ, ಎಚ್.ಎ.ಎಲ್.ನಿಂದ ಎದ್ದಿತು ನೋಡಿ!” ಸಣ್ಣ ಯುದ್ಧವಿಮಾನವೊಂದು ನಮ್ಮ ತಲೆಯ ಮೇಲೆಯೇ ಹಾದು ಹೊಸಕೋಟೆಯ ಕಡೆಗೆ ಮರೆಯಾಯಿತು.

“ನಿಮ್ಮ ಅಪ್ಪ ಮೊದಲು ಅಲ್ಲಿಂದಲೇ ವಿಮಾನ ಹತ್ತುತ್ತಿದ್ದನಂತೆ, ಗೊತ್ತೆ?” ಎಂದೆವು.

ಅವನು ನಂಬಲಿಲ್ಲ. ಅಷ್ಟು ಹತ್ತಿರವಿದ್ದರೆ ಅಪ್ಪ ಊಟಕ್ಕೆ ಮನೆಗೆ ಬಂದುಬಿಡಬಹುದಾಗಿತ್ತಲ್ಲವೆ, ಎಂದು ಕೇಳಿದನು. ಹೌದು, ಬರುತ್ತಿದ್ದನು, ಎಂದು ಅಕ್ಕನವರು ಹೇಳಿದರು.