ಬಿಸಿಲ ಸೀಮೆಯಲ್ಲಿ ದೂರದರ್ಶನ

ಸಮಾಸವನ್ನು ಬಿಡಿಸಿ ನೋಡುವ ಅಭ್ಯಾಸವು ನಮಗೆ ಉಪಾಧ್ಯಾಯ ವೃತ್ತಿಯೊಂದಿಗೆ ಬಂದದ್ದು. ನಿವೃತ್ತಿಯಾದ ಮೇಲೂ ಬಿಟ್ಟುಹೋಗಲಿಲ್ಲ. ‘ದೂರದರ್ಶನ’ವೆಂಬ ಪದವನ್ನೇ ತೆಗೆದುಕೊಳ್ಳಿರಿ. ದೂರದ ವಸ್ತುವಿನ ದರ್ಶನವೆಂದು ಅರ್ಥಮಾಡಿದರೆ ಅದು ಷಷ್ಠೀ ತತ್ಪುರುಷ. ದೂರದಿಂದ ಆಗುವ ದರ್ಶನವೆಂದು ಹೇಳಿದರೆ ಪಂಚಮೀ ತತ್ಪುರುಷ. ಮೊದಲನೆಯದರಲ್ಲಿ ದೂರವಿದ್ದದ್ದು ಹತ್ತಿರಕ್ಕೆ ಬರುವುದು. ಎರಡನೆಯದರಲ್ಲಿ ನೋಡುವವನು ಕೊನೆಯವರೆಗೂ ದೂರದಲ್ಲಿಯೇ ನಿಂತಿರುವನು. ಕಳೆದ ಪುಷ್ಯಮಾಸದಲ್ಲಿ ಕಲಬುರಗಿಯ ಸೀಮೆಯನ್ನು ನಾಲ್ಕು ದಿನ ಸುತ್ತಿ ಬಂದ ಮೇಲೆ, ಇದು ಬರಿಯ ವ್ಯಾಕರಣದ ಭೇದವಲ್ಲ, ಬಾಳಿನ ಭೇದವೂ ಹೌದೆಂದು ನಮಗೆ ಮನವರಿಕೆಯಾಯಿತು.

ನಾವು ಆ ಕಡೆಗೆ ಹೊರಡುವುದಕ್ಕೆ ಕಾರಣವಾದದ್ದು ಟೀವಿಯ ಒಂದು ಪ್ರವಾಸ ಕಾರ್ಯಕ್ರಮ. ಅರ್ಧ ಗಂಟೆಯೊಳಗೆ ಕೋಟೆ, ದರ್ಗಾ, ಗುಡಿ, ಸಂತೆ ಎಲ್ಲವೂ ಆಗಿ, ಕೊನೆಗೆ ಒಂದು ಹಳ್ಳಿಯ ಮನೆಯಲ್ಲಿ ಜೋಳದ ರೊಟ್ಟಿಯ ಸತ್ಕಾರವಾಯಿತು. ನಿರೂಪಕನು ತುತ್ತು ತುತ್ತಿಗೂ ಕೊಂಡಾಡಿದನು. ರೊಟ್ಟಿ ಬಡಿಯುತ್ತಿದ್ದ ಎರಡು ಕೈಗಳನ್ನು ಎಷ್ಟು ಸೊಗಸಾಗಿ ತೋರಿಸಿದರೆಂದರೆ, ಬಳೆಯ ಸದ್ದೂ ನಮ್ಮ ಕೋಣೆಯಲ್ಲಿ ಕೇಳಿಸಿತು. ಆದರೆ ನಮ್ಮ ಮನೆಯವರು, “ಅಲ್ಲಾ, ಆ ಹೆಂಗಸಿನ ಮುಖವನ್ನೇ ತೋರಿಸಲಿಲ್ಲವಲ್ಲ!” ಎಂದು ಉದ್ಗಾರ ತೆಗೆದರು. ಹೌದು, ಆ ಕೈಗಳ ಒಡತಿ ಒಂದು ಮಾತನ್ನೂ ಆಡಲಿಲ್ಲ. ಅವಳ ಹೆಸರೂ ನಮಗೆ ತಿಳಿಯಲಿಲ್ಲ. ಈ ಮಾತು ಮನಸ್ಸಿನಲ್ಲಿ ಉಳಿದು, ಆ ಸೀಮೆಯನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವು ಹುಟ್ಟಿತು.

ಬೆಂಗಳೂರಿನಿಂದ ಹೊರಟ ರೈಲು ರಾಯಚೂರಿಗೆ ಮೊದಲು ತುಂಗಭದ್ರೆಯನ್ನೂ, ರಾಯಚೂರು ಕಳೆದ ಮೇಲೆ ಕೃಷ್ಣೆಯನ್ನೂ ದಾಟುತ್ತದೆ. ಯಾದಗಿರಿಯಿಂದ ಮುಂದಕ್ಕೆ ಕಣ್ಣು ಹರಿಯುವಷ್ಟು ದೂರವೂ ಕರಿಯ ನೆಲ, ಅದರ ಮೇಲೆ ತೊಗರಿಯ ಹೊಲ. ವಾಡಿ, ಶಹಾಬಾದಿನ ಕಡೆಗೆ ಬಂದಂತೆ ಆ ಕರಿಯ ಮಣ್ಣಿನ ಕೆಳಗಿನಿಂದ ಪದರಪದರವಾಗಿ ಕಲ್ಲನ್ನು ಎಬ್ಬಿಸುತ್ತಿರುವ ಗಣಿಗಳು ಕಾಣುತ್ತವೆ. ನಮ್ಮ ದಕ್ಷಿಣದ ಎಷ್ಟೋ ಮನೆಗಳ ನಡುಮನೆಗೆ ಹಾಸಿರುವ ತಂಪಾದ ಚಪ್ಪಡಿಯು ಈ ಬಿಸಿಲಿನ ಊರಿನದೆಂಬುದನ್ನು ಆಗ ನೆನೆದೆವು. ಆ ಚಪ್ಪಡಿಯ ಮೇಲೆ ಕುಳಿತೇ ನಾವು ಟೀವಿಯಲ್ಲಿ ಈ ನಾಡನ್ನು ಯಾವುದೋ ಪರದೇಶವೆಂಬಂತೆ ನೋಡಿದ್ದೆವಲ್ಲವೆ!

ಮೊದಲು ನಾಲವಾರ ನಿಲ್ದಾಣದಲ್ಲಿ ಇಳಿದು, ಭೀಮಾ ನದಿಯ ದಡದ ಸನ್ನತಿ, ಕನಗನಹಳ್ಳಿಗಳಿಗೆ ಹೋದೆವು. ಸನ್ನತಿಯ ಚಂದ್ರಲಾಂಬೆಯ ಕ್ಷೇತ್ರದಲ್ಲಿ 1989ರಲ್ಲಿ ಅಶೋಕನ ಶಾಸನವು ದೊರೆಯಿತು. ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡದೊಂದು ಸ್ತೂಪವೂ, ಬುದ್ಧನ ಚರಿತ್ರೆ ಮತ್ತು ಜಾತಕ ಕಥೆಗಳನ್ನು ಕೆತ್ತಿದ ಸುಣ್ಣಕಲ್ಲಿನ ಫಲಕಗಳೂ ಹೊರಬಂದವು. ಅವುಗಳಲ್ಲೊಂದರಲ್ಲಿ ರಾಣಿ ಪರಿವಾರದವರೊಡನೆ ನಿಂತ ಅರಸನೊಬ್ಬನ ಚಿತ್ರವಿದ್ದು, ‘ರಾಯೋ ಅಸೋಕೋ’ ಎಂದು ಬ್ರಾಹ್ಮೀಲಿಪಿಯಲ್ಲಿ ಬರೆದಿದೆ. ದೂರದ ಪಾಟಲೀಪುತ್ರದ ಅರಸನು ತನ್ನ ಧರ್ಮಲಿಪಿಯನ್ನು ಇಲ್ಲಿಯ ಜನರಿಗೆಂದು ಕಲ್ಲಿನಲ್ಲಿ ಬರೆಯಿಸಿದನು; ಕೆಲವು ಶತಮಾನಗಳಲ್ಲಿ ಇಲ್ಲಿಯ ಶಿಲ್ಪಿಯು ಆ ಅರಸನ ಚಿತ್ರವನ್ನೇ ಕೆತ್ತಿ ಕೆಳಗೆ ಹೆಸರು ಹಾಕಿದನು. ಚಿತ್ರವನ್ನೂ ಮಾತನ್ನೂ ಕೂಡಿಸಿ ಜನರಿಗೆ ತಿಳಿವಳಿಕೆ ಕೊಡುವ ಕಲೆಯು ಈ ಭೀಮಾತೀರಕ್ಕೆ ಹೊಸದೇನೂ ಅಲ್ಲ.

ಅದೇ ಕಲೆಯು ಮತ್ತೊಮ್ಮೆ ಇಲ್ಲಿಗೆ ಬಂದುದು 1975ರಲ್ಲಿ. ಅಮೇರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕಾಣುವಂತೆ ಆಫ್ರಿಕಾ ಖಂಡದ ಪೂರ್ವಭಾಗದ ನೆತ್ತಿಗೆ ತಂದು ನಿಲ್ಲಿಸಿದರು. ಅದರ ನೆರವಿನಿಂದ ಇಸ್ರೋ ಸಂಸ್ಥೆಯು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಿದರು. ನಮ್ಮ ರಾಜ್ಯದಲ್ಲಿ ಆರಿಸಿದ ಜಿಲ್ಲೆಗಳು ಮೂರು: ರಾಯಚೂರು, ಗುಲ್ಬರ್ಗಾ, ಬಿಜಾಪುರ. ಬೆಂಗಳೂರಲ್ಲ, ಮೈಸೂರಲ್ಲ, ಮಳೆಯೂ ಕಡಮೆ, ಶಾಲೆಯೂ ಕಡಮೆ ಎಂಬ ಕಾರಣಕ್ಕಾಗಿಯೇ ಹಿಂದೆ ಬಿದ್ದಿದ್ದ ಜಿಲ್ಲೆಗಳು! ಬೆಳಿಗ್ಗೆ ಶಾಲೆಯ ಮಕ್ಕಳಿಗೆ ನಾಲ್ಕು ಭಾಷೆಗಳಲ್ಲಿ ಒಂದೊಂದಕ್ಕೆ 22½ ನಿಮಿಷದ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಕ್ಷೇಮಗಳ ವಿಷಯ. ಕನ್ನಡದ ಕಾರ್ಯಕ್ರಮಗಳನ್ನು ಹೈದರಾಬಾದಿನಲ್ಲಿ ತಯಾರಿಸುತ್ತಿದ್ದರು. ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಧ್ವನಿಯನ್ನು ಜತೆಯಾಗಿ ಕಳುಹಿಸುವ ಏರ್ಪಾಡೂ ಆ ಉಪಗ್ರಹದಲ್ಲಿತ್ತು. ನಾವು ಆಗ ಹಳೆಯ ಮೈಸೂರು ಸೀಮೆಯಲ್ಲಿ ಹತ್ತು ವರ್ಷದ ಬಾಲಕರಾಗಿದ್ದು, ಟೀವಿಯೆಂಬ ಹೆಸರನ್ನೂ ಸರಿಯಾಗಿ ಕೇಳಿರಲಿಲ್ಲ.

ಸನ್ನತಿಯಿಂದ ಹಿಂದಿರುಗುವಾಗ, ಆ ಪ್ರಯೋಗಕ್ಕೆ ಒಳಪಟ್ಟಿದ್ದ ಹಳ್ಳಿಯೊಂದರಲ್ಲಿ ನಿಂತೆವು. ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ವಿಚಾರಿಸಲು, ಅವರ ಮುಖವು ಅರಳಿತು. “ಐವತ್ತು ವರ್ಷದ ಮಾತ್ರೀ ಅದು. ಕೋಳಿ ಗೂಡಿನ ಜಾಳಗಿಯಂಥಾ ತಂತಿ ಹಾಕಿ ಇಷ್ಟು ದೊಡ್ಡ ಛತ್ರಿ ಕಟ್ಟಿದ್ರು. ಸಂಜಿಮುಂದ ಇಡೀ ಊರೇ ಇಲ್ಲಿ ಬರ್ತಿತ್ತು. ಎಳಿ ಕೂಸಿಗಿ ಏನ್ ತಿನಸಬೇಕು, ಬೀಜ ಹ್ಯಾಂಗ ಬಿತ್ತಬೇಕು, ಎಲ್ಲಾ ಕನ್ನಡದಾಗೇ ಹೇಳ್ತಿದ್ರು” ಎಂದರು. ಛತ್ರಿಯೆಂದು ಅವರು ಹೇಳಿದ್ದು ತಂತಿಬಲೆಯಿಂದ ಮಾಡಿದ, ಮೂರು ಮೀಟರು ಅಗಲದ ಆಂಟೆನಾವನ್ನು.

ಅಷ್ಟರಲ್ಲಿ ನಮ್ಮ ಮನೆಯವರು ನೀರಿನ ತೊಟ್ಟಿಯ ಬಳಿ ಒಬ್ಬ ಮುದುಕಿಯೊಡನೆ ಮಾತಿಗೆ ಕುಳಿತಿದ್ದರು. ಆಕೆ ಊರ ಹೊರಗಿನ ಕೇರಿಯವಳು. ಆಕೆಯ ಮಾತನ್ನು ಕೇಳಿದಂತೆಯೇ ಬರೆಯುತ್ತೇವೆ: “ಸಾಲಿ ಅಂಗಳ ಎಲ್ಲಾರ್ದೂ ಅಂತ ಮಾಸ್ತರ್ರು ಕರದಿದ್ರವ್ವಾ. ನಮ್ಮ ಕೇರಿಯವ್ರು ಹಿಂದೇ ಕುಂದರ್ತಿದ್ವಿ. ಖರೆ, ಕತ್ತಲಾದ ಮ್ಯಾಲ ಯಾರ ಬಾಜೂಕ ಯಾರು ಕುಂತಾರಂತ ಯಾರಿಗಿ ಕಾಣ್ತದ? ಎಲ್ಲಾರ ಕಣ್ಣೂ ಪೆಟಗಿ ಮ್ಯಾಲೇ ಇರ್ತಿತ್ತು. ಈಗ ಮನಿಮನಿಗಿ ಟೀವಿ ಅದ. ಯಾರೂ ಯಾರ ಬಾಜೂಕೂ ಕುಂದ್ರಂಗಿಲ್ಲ.” ಎಷ್ಟೋ ಧರ್ಮಸಭೆಗಳಿಂದಾಗದ ಕೆಲಸವನ್ನು ಆ ಪೆಟ್ಟಿಗೆಯು ಕೆಲವು ಸಂಜೆಗಳ ಮಟ್ಟಿಗಾದರೂ ಮಾಡಿತಲ್ಲಾ ಎಂದು ನಾವು ಸುಮ್ಮನಾದೆವು.

ವರ್ಷವು ತುಂಬಿದೊಡನೆ ಉಪಗ್ರಹವು ಹಿಂದಕ್ಕೆ ಹೋಯಿತು. ಆದರೂ ಫಲವು ಪೂರ್ತಿ ಬತ್ತಲಿಲ್ಲ. 1977ರ ಸೆಪ್ಟೆಂಬರಿನಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವು ಆರಂಭವಾಯಿತು. ಅದು ಕರ್ನಾಟಕದ ಮೊದಲನೆಯ ಟೀವಿ ಕೇಂದ್ರ. ರಾಜಧಾನಿಯಾದ ಬೆಂಗಳೂರಿಗೆ ಆ ಭಾಗ್ಯವು ದೊರೆತದ್ದು 1981ರ ನವೆಂಬರ್ 1ರಂದು. ಹಿಂದುಳಿದವರೆಂದು ನಾವು ಕರೆಯುವ ಜನರು ಈ ಒಂದು ವಿಷಯದಲ್ಲಿ ನಮಗಿಂತ ನಾಲ್ಕು ವರ್ಷ ಮುಂದಿದ್ದರು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋದರು. ಅಲ್ಲಿ ಪೀಜ್ ಎಂಬ ಊರಿನ ಚಿಕ್ಕ ಪ್ರಸಾರಕದಿಂದ, ಅಸ್ಪೃಶ್ಯತೆ, ಕೂಲಿ, ಹೆಂಗಸರ ಕಷ್ಟ ಮುಂತಾದವುಗಳ ಮೇಲೆ ಹಳ್ಳಿಯವರೇ ಪಾತ್ರವಹಿಸಿದ ಕಾರ್ಯಕ್ರಮಗಳು ಬರುತ್ತಿದ್ದವು. 1984ರಲ್ಲಿ ಯುನೆಸ್ಕೋ ಸಂಸ್ಥೆಯ ಬಹುಮಾನವೂ ಅದಕ್ಕೆ ಬಂತು. 1985ರಲ್ಲಿ ಪ್ರಸಾರಕವೇ ನಿಂತುಹೋಯಿತು. ಬಹುಮಾನಕ್ಕೂ ಆಯುಸ್ಸಿಗೂ ಸಂಬಂಧವಿಲ್ಲವಷ್ಟೆ.

ಕಲಬುರಗಿಗೆ ಹೋಗುವ ಮೊದಲು ಮಳಖೇಡದಲ್ಲಿ ಇಳಿದೆವು. ಕಾಗಿಣಾ ನದಿಯ ದಡದ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಿಂದ ‘ಕವಿರಾಜಮಾರ್ಗ’ವು ಹೊರಟ ಸ್ಥಳ. ಕನ್ನಡದಲ್ಲಿ ಹೇಗೆ ಹೇಳಬೇಕೆಂಬುದನ್ನು ಮೊದಲು ಚರ್ಚಿಸಿದ ಆ ಕೋಟೆಯ ಗೋಡೆಯ ಬಳಿ ನಿಂತಾಗ, ತೀರ ಈಚಿನ ಒಂದು ಸಂಗತಿಯು ನೆನಪಾಯಿತು. 2012ರ ಮೇ 6ರಿಂದ ‘ಸತ್ಯಮೇವ ಜಯತೇ’ ಎಂಬ ಕಾರ್ಯಕ್ರಮವು ದೇಶದಾದ್ಯಂತ ಪ್ರಸಾರವಾಯಿತು. ಹೆಣ್ಣುಭ್ರೂಣದ ಹತ್ಯೆ, ಮಕ್ಕಳ ಮೇಲಣ ದೌರ್ಜನ್ಯ, ವರದಕ್ಷಿಣೆ ಮೊದಲಾದ ವಿಷಯಗಳನ್ನು ನೊಂದವರ ಬಾಯಿಂದಲೇ ಹೇಳಿಸಿದ ಕಾರ್ಯಕ್ರಮವದು. ತಮಿಳು, ತೆಲುಗು, ಮಲಯಾಳ, ಮರಾಠಿ, ಬಂಗಾಳಿಗಳಲ್ಲಿ ಅದು ಕೇಳಿಸಿತು. ಡಬ್ಬಿಂಗ್ ಕೂಡದೆಂಬ ವಿರೋಧದಿಂದಾಗಿ ಕನ್ನಡದ ಧ್ವನಿಯಲ್ಲಿ ಬರಲಿಲ್ಲ. ನಮ್ಮ ಕಲಾವಿದರ ಜೀವನೋಪಾಯದ ಭಯವು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಒಂದೇ ಚಿತ್ರಕ್ಕೆ ಎರಡು ಧ್ವನಿಗಳನ್ನು ಕೂಡಿಸುವ ಏರ್ಪಾಡಿನಿಂದ 1975ರಲ್ಲಿ ಕನ್ನಡವನ್ನು ಕೇಳಿದ ಸೀಮೆಯ ತಾಯಂದಿರು, 2012ರಲ್ಲಿ ತಮ್ಮದೇ ಮಕ್ಕಳ ಸಂಗತಿಯನ್ನು ಪರಭಾಷೆಯಲ್ಲಿ ಕೇಳಬೇಕಾಯಿತೆಂಬುದೂ ಸುಳ್ಳಲ್ಲ.

ಕಲಬುರಗಿಯಲ್ಲಿ ಕೋಟೆಯೊಳಗಿನ ಜಾಮಿ ಮಸೀದಿಯನ್ನು ಕಂಡೆವು. 1367ರಲ್ಲಿ ಕಟ್ಟಿದ ಇದಕ್ಕೆ ತೆರೆದ ಅಂಗಳವೇ ಇಲ್ಲ. ಒಳಗೆಲ್ಲ ಗುಮ್ಮಟಗಳ ಮುಚ್ಚಿಗೆ, ಸಾಲು ಕಮಾನುಗಳ ತಂಪು ನೆರಳು. ಟೀವಿಯಲ್ಲಿ ಕಂಡಿದ್ದ ಚಿತ್ರವು ಸುಂದರವೇ ಆಗಿತ್ತು. ಆದರೆ ಹೊರಗಿನ ಬಿಸಿಲಿನಿಂದ ಬಂದು ಆ ನೆರಳನ್ನು ಹೊಕ್ಕ ಮೇಲಲ್ಲದೆ, ಕಟ್ಟಿದವರು ಹೀಗೇಕೆ ಮುಚ್ಚಿದರೆಂಬುದು ಮೈಗೆ ತಿಳಿಯುವುದಿಲ್ಲ. ಪ್ರವಾಸ ಕಾರ್ಯಕ್ರಮಗಳನ್ನು ನಾವು ತೆಗಳುವವರಲ್ಲ. ಹಾಸಿಗೆ ಹಿಡಿದ ಮುದುಕರಿಗೆ ಅವೇ ಯಾತ್ರೆ. ಮನೆ ಬಿಟ್ಟು ಹೊರಡಲಾರದ ಗೃಹಿಣಿಗೆ ಅವೇ ಕಿಟಕಿ. ನಮ್ಮನ್ನು ಇಲ್ಲಿಗೆ ಹೊರಡಿಸಿದ್ದೂ ಅಂಥದೊಂದೇ. ನಮ್ಮ ಆಕ್ಷೇಪವಿಷ್ಟೆ: ರೊಟ್ಟಿಯ ರುಚಿಯನ್ನು ಹೇಳುವವರು ಜೋಳ ಬೆಳೆದವನ ಸಾಲವನ್ನು ಹೇಳುವುದಿಲ್ಲ, ಸಾಲವನ್ನು ಹೇಳುವ ಕಾರ್ಯಕ್ರಮಗಳು ಅವನ ಮನೆಯ ನಗುವನ್ನು ತೋರಿಸುವುದಿಲ್ಲ. ಒಂದು ಕಡೆ ಊಟದ ತಟ್ಟೆ, ಇನ್ನೊಂದು ಕಡೆ ಕಣ್ಣೀರು. ಇಡಿಯ ಮನುಷ್ಯನು ಎರಡರಲ್ಲಿಯೂ ಇಲ್ಲ.

ಆದಕಾರಣ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ವಾರಕ್ಕೆ ಒಂದಾದರೂ ಇಂಥ ಕಾರ್ಯಕ್ರಮವನ್ನು ಮನೆಮಂದಿಯೆಲ್ಲ ಒಂದೆಡೆ ಕುಳಿತು ನೋಡಿರಿ. ಕೆಲಸದಾಕೆಯು ಮನೆಯಲ್ಲಿದ್ದರೆ ಅವಳನ್ನೂ ಕೂಡಿಸಿಕೊಳ್ಳಿರಿ. ಮುಗಿದ ಮೇಲೆ ಮಕ್ಕಳನ್ನು ಕೇಳಿರಿ: ಇದರಲ್ಲಿ ಯಾರು ಮಾತನಾಡಿದರು? ಯಾರು ಬರಿದೆ ಕಾಣಿಸಿಕೊಂಡರು? ಯಾರು ಕಾಣಿಸಲೇ ಇಲ್ಲ? ಈ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಬೆಳೆದ ಮಗುವು ನಾಳೆ ತಾನೇ ಕ್ಯಾಮೆರಾ ಹಿಡಿದರೂ ಹಿಡಿದೀತು. ಇನ್ನು ಅನುಕೂಲವಿದ್ದವರು ಒಮ್ಮೆ ಆ ಸೀಮೆಗೆ ಹೋಗಿಬರಿರಿ. ಬೇಸಗೆಯಲ್ಲಿ ಬೇಡ, ಸಂಕ್ರಾಂತಿಯ ಆಚೀಚೆ ತೊಗರಿ ಕೊಯ್ಲಿನ ಕಾಲವೇ ಉತ್ತಮ. ರೊಟ್ಟಿಯನ್ನು ಬೇಕಾದಷ್ಟು ಉಣ್ಣಿರಿ. ಉಂಡ ಮೇಲೆ, ಬಡಿದ ತಾಯಿಯ ಹೆಸರನ್ನು ಕೇಳುವುದನ್ನು ಮಾತ್ರ ಮರೆಯಬೇಡಿರಿ.