ಎರಡು ಕಡ್ಡಿ ರೇಂಜು

ಮುಂಬಯಿಯಿಂದ ಊರಿಗೆ ಫೋನ್ ಮಾಡುವವರ ಮೊದಲ ಮಾತು ಒಂದು ಕಾಲದಲ್ಲಿ ‘ಮಳೆ ಬಂತಾ?’ ಎಂದಿರುತ್ತಿತ್ತು. ಬಂದರೂ ಬಾರದಿದ್ದರೂ ಡೊಂಬಿವಲಿಯಲ್ಲಿ ಕೂತವನಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಮಾತು ಎಲ್ಲಿಂದಾದರೂ ಶುರುವಾಗಬೇಕಲ್ಲ, ಹಾಗೆ. ಈಗ ಮಳೆಯ ವಿಚಾರಕ್ಕೆ ಬರುವಷ್ಟು ಪುರುಸೊತ್ತಿಲ್ಲ. ‘ಕೇಳ್ತದಾ? ಹಲೋ, ಕೇಳ್ತದಾ?’ ಎಂದು ಈ ಕಡೆಯವರು, ‘ನಿನ್ನದು ಕಟ್ ಕಟ್ ಆಗ್ತಾ ಉಂಟು’ ಎಂದು ಆ ಕಡೆಯವರು. ಇಷ್ಟಾಗುವಾಗ ಲೈನ್ ಹೋಗಿರುತ್ತದೆ. ಮತ್ತೆ ಮಾಡಿದರೆ, ‘ತಡಿ, ಅಂಗಳಕ್ಕೆ ಬರ್ತೇನೆ’. ಅಂಗಳಕ್ಕೆ ಬಂದ ಮೇಲೆ ಹೇಳಬೇಕಾದದ್ದು ಇಬ್ಬರಿಗೂ ಮರೆತಿರುತ್ತದೆ.

ಕಾರ್ಕಳದಿಂದ ಘಟ್ಟದ ಕಡೆ ಮುಖ ಮಾಡಿದ ಊರುಗಳಲ್ಲಿ ಪ್ರತಿ ಮನೆಗೂ ಒಂದು ರೇಂಜ್ ಜಾಗ ಉಂಟು. ದೊಡ್ಡಪ್ಪನ ಮನೆಯಲ್ಲಿ ಅದು ಹಟ್ಟಿಯ ಹಿಂದಿನ ಹಲಸಿನ ಮರದ ಬುಡ. ನಮ್ಮಲ್ಲಿ ಅಂಗಳದ ಈಶಾನ್ಯ ಮೂಲೆ, ವಾಸ್ತುವಿನವರೂ ಬೇಡವೆನ್ನಲಾರರು. ಮನೆಯೊಳಗೆಂದರೆ ಅಡುಗೆಮನೆಯ ಕಿಟಕಿ ಮಾತ್ರ. ಅಮ್ಮ ಅದರ ಸರಳಿಗೆ ಒಂದು ಪ್ಲಾಸ್ಟಿಕ್ ತೊಟ್ಟೆ ಕಟ್ಟಿ ಫೋನನ್ನು ಅದರೊಳಗೆ ನೇತುಹಾಕಿದ್ದಾಳೆ. ಅಲ್ಲಿ ಎರಡು ಕಡ್ಡಿ ಬರುತ್ತದೆ. ರಿಂಗಾದರೆ ತೊಟ್ಟೆಯಿಂದ ತೆಗೆಯುವಂತಿಲ್ಲ, ತೆಗೆದರೆ ಕಟ್. ತೊಟ್ಟೆಯ ಹೊರಗಿನಿಂದಲೇ ಬೆರಳು ಒತ್ತಿ, ಸ್ಪೀಕರಿಗೆ ಹಾಕಿ, ಕಿಟಕಿಯ ಕಡೆಗೆ ಬಾಯಿ ಮಾಡಿ ಕಾಯಿ ತುರಿಯುತ್ತಾ ಮಾತಾಡಬೇಕು. ಹೀಗಾಗಿ ನಮ್ಮ ಮನೆಯ ಗುಟ್ಟುಗಳೆಲ್ಲ ತೋಟದಲ್ಲಿ ಅಡಕೆ ಹೆಕ್ಕುವವರಿಗೂ ಗೊತ್ತು. ನನಗೆ ಶುಗರ್ ಬಂದದ್ದು ಊರಿಡೀ ತಿಳಿದದ್ದು ಹಾಗೆ.

ಆ ತೊಟ್ಟೆಯಲ್ಲಿರುವ ಫೋನಿಗೆ ರೀಚಾರ್ಜ್ ಮಾಡುವುದು ನಾನು, ಮುಂಬಯಿಯಿಂದ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಅಂತೆ. ಅದು ಅಮ್ಮನ ಫೋನಿಗೆ ಯಾವ ದಾರಿಯಿಂದಲೂ ಬರುವುದಿಲ್ಲ. ಬಾರದೆ ದಿನಾ ರಾತ್ರಿ ಹನ್ನೆರಡಕ್ಕೆ ಸಾಯುತ್ತದೆ, ಮರುದಿನ ಮತ್ತೆ ಹುಟ್ಟುತ್ತದೆ. ಅದೇ ದುಡ್ಡಿಗೆ ನನ್ನ ಮಗಳು ಲೋಕಲ್ ಟ್ರೈನಿನಲ್ಲಿ ನಿಂತುಕೊಂಡು ಥಾಣೆಯಿಂದ ದಾದರ್ ತಲುಪುವುದರೊಳಗೆ ಅರ್ಧ ಸಿನಿಮಾ ನೋಡುತ್ತಾಳೆ. ಹಳ್ಳಿಯಲ್ಲಿ ಇಂಟರ್ನೆಟ್ ದುಬಾರಿ ಎಂದರೆ ದೆಹಲಿಯಲ್ಲಿ ಕೂತವರು ದರಪಟ್ಟಿ ತೆಗೆದು ತೋರಿಸುತ್ತಾರೆ: ನೋಡಿ, ಎಲ್ಲ ಕಡೆಯೂ ಒಂದೇ ರೇಟು, ಜಗತ್ತಿನ ಅತಿ ಕಡಿಮೆ ರೇಟುಗಳಲ್ಲಿ ಒಂದು. ಸರಿಯೇ. ಬಾರದ ಸಾಮಾನಿಗೆ ಬಂದ ಸಾಮಾನಿನ ರೇಟು ಕೊಡುವುದಕ್ಕೆ ಏನೆನ್ನಬೇಕೆಂದು ಮಾತ್ರ ಆ ಪಟ್ಟಿಯಲ್ಲಿ ಇಲ್ಲ. 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳೆಲ್ಲ ಒಟ್ಟೊಟ್ಟಿಗೆ ದರ ಏರಿಸಿದವು. ಆ ವರ್ಷದ ಕೊನೆಗೆ ದೂರಸಂಪರ್ಕ ನಿಯಂತ್ರಕರಾದ ಟ್ರಾಯ್‌ನವರು, ಡೇಟಾ ಬೇಡವೆಂದವರಿಗೆ ಬರೀ ಮಾತು ಮತ್ತು ಮೆಸೇಜಿನ ಪ್ಯಾಕನ್ನೂ ಕೊಡಬೇಕೆಂದು ನಿಯಮ ಮಾಡಿದರು. ಅಮ್ಮನಿಗೆ ಅದನ್ನು ಹಾಕಲೇ ಎಂದು ಕೇಳಿದೆ. ‘ಬೇಡ ಮಗಾ, ಎಲ್ಲಾದರೂ ಬಂದರೆ?’ ಎಂದಳು.

ಊರಿನವರೊಡನೆ ಕಡಿಮೆ ಖರ್ಚಿನಲ್ಲಿ ಮಾತಾಡಬೇಕಾದರೆ ನಿದ್ದೆ ಬಿಡಬೇಕೆಂಬುದು ಮುಂಬಯಿ ಕನ್ನಡಿಗನಿಗೆ ಹೊಸತಲ್ಲ. ಎಸ್‌ಟಿಡಿ ಬೂತುಗಳ ಕಾಲದಲ್ಲಿ ರಾತ್ರಿ ಹನ್ನೊಂದರ ನಂತರ ಕಾಲು ದರ. ಫೋರ್ಟಿನ, ಮಾಟುಂಗದ ಹೋಟೆಲುಗಳಲ್ಲಿ ಶಟರ್ ಎಳೆದು, ನೆಲ ತೊಳೆದು, ಕ್ಯಾಷ್ ಲೆಕ್ಕ ಒಪ್ಪಿಸುವಾಗ ಹೇಗೂ ಹನ್ನೊಂದಾಗುತ್ತಿತ್ತು. ಬೂತಿನ ಮುಂದೆ ಸಾಲು: ಸಪ್ಲೈಯರ್, ಕ್ಲೀನರ್, ರೊಟ್ಟಿ ಭಟ್ಟರು. ಒಳಗೆ ಗಾಜಿನ ಪೆಟ್ಟಿಗೆಯ ಮೇಲೆ ಕೆಂಪು ಅಂಕಿಗಳು ಓಡುತ್ತಿದ್ದವು, ಮಾತಾಡುವವನ ಕಣ್ಣು ಅಂಕಿಯ ಮೇಲೆ. ಊರಿನಲ್ಲಿ ಫೋನ್ ಇದ್ದದ್ದು ಗುತ್ತಿನ ಮನೆಯಲ್ಲಿ ಮಾತ್ರ. ಅದು ನಮಗೆಲ್ಲ ಪಿ.ಪಿ. ನಂಬರು. ಹನ್ನೊಂದು ಗಂಟೆಗೆ ಗುತ್ತಿನವರನ್ನು ಎಬ್ಬಿಸುವಂತಿಲ್ಲವಲ್ಲ. ಆದ್ದರಿಂದ ವಾರದ ಮೊದಲೇ ಇನ್‌ಲ್ಯಾಂಡ್ ಲೆಟರ್ ಹಾಕಬೇಕಿತ್ತು, ಬರುವ ಶನಿವಾರ ರಾತ್ರಿ ಫೋನ್ ಮಾಡುತ್ತೇನೆ ಎಂದು. ಅಮ್ಮ ಟಾರ್ಚ್ ಹಿಡಿದು ಗದ್ದೆ ದಾಟಿ ಹೋಗಿ ಗುತ್ತಿನ ಜಗಲಿಯಲ್ಲಿ ಕಾಯುತ್ತಿದ್ದಳು. ಫೋನ್ ಮಾಡುತ್ತೇನೆಂದು ಹೇಳಲು ಕಾಗದ ಬರೆದ ತಲೆಮಾರು ನಮ್ಮದು. ಆ ಕಾಗದದಲ್ಲೇ ಎಲ್ಲವನ್ನೂ ಬರೆದಿರುತ್ತಿದ್ದುದರಿಂದ ಫೋನಿನಲ್ಲಿ ಹೇಳಲು ಉಳಿದಿರುತ್ತಿದ್ದದ್ದು ಮಳೆಯ ವಿಚಾರ ಒಂದೇ.

ಹಗಲು ನಮ್ಮದಾಗಿರಲೇ ಇಲ್ಲ ಎನ್ನಬೇಕು. ಹೋಟೆಲು ಹುಡುಗರು ಕಲಿತದ್ದು ಕನ್ನಡದ ರಾತ್ರಿ ಶಾಲೆಗಳಲ್ಲಿ. ಆ ಶಾಲೆಗಳಲ್ಲಿ ತೂಕಡಿಸುತ್ತಾ ಎಸ್ಸೆಸ್ಸಿ ಮಾಡಿ, ಬ್ಯಾಂಕಿಗೆ, ಕೋರ್ಟಿಗೆ ಹೋದವರು ಎಷ್ಟೋ ಮಂದಿ. ಯಕ್ಷಗಾನವೂ ರಾತ್ರಿಯೇ. ಇಂಟರ್ನೆಟ್ ಬಂದಾಗ ಅದೂ ಇದೇ ಪಾಳಿಗೆ ಬಂದು ಸೇರಿತು. ವಿಎಸ್‌ಎನ್‌ಎಲ್‌ನವರು 1995ರ ಆಗಸ್ಟ್ 15ರಂದು ಮುಂಬಯಿಯೂ ಸೇರಿದಂತೆ ಕೆಲವು ನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟರು. ಫೋನ್ ತಂತಿಯಲ್ಲಿ ಕಿರುಗುಟ್ಟಿಕೊಂಡು ಬರುತ್ತಿದ್ದ ಆ ವಸ್ತುವಿನ ವೇಗ ಆಗ ಸೆಕೆಂಡಿಗೆ 9.6 ಕಿಲೋಬಿಟ್. 2004ರ ನೀತಿಯಲ್ಲಿ ಸರಕಾರ ಬ್ರಾಡ್‌ಬ್ಯಾಂಡ್ ಎಂದರೆ ಕನಿಷ್ಠ 256 ಕಿಲೋಬಿಟ್ ಎಂದು ಗೆರೆ ಎಳೆಯಿತು. ಮರುವರ್ಷ ಎಂಟಿಎನ್‌ಎಲ್, ಬಿಎಸ್‌ಎನ್‌ಎಲ್‌ಗಳ ಮೋಡೆಮ್ ಮನೆಗೆ ಬಂತು. ಹಗಲು ಇಷ್ಟೇ ಎಂಬಿ ಎಂದು ಅಳತೆ. ಕೆಲವು ಪ್ಲಾನುಗಳಲ್ಲಿ ನಡುರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದು. ಆಗಿನ ಹುಡುಗರು ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮಲಗುತ್ತಿದ್ದರು. ನನ್ನ ಅಳಿಯನನ್ನು ಅವನ ಅಜ್ಜಿ ಓದುವ ಹುಡುಗ ಎಂದೇ ತಿಳಿದಿದ್ದರು.

ಈ ನಡುವೆ ಒಂದು ಮಾತು. ಮುಂಬಯಿಯಲ್ಲಿರುವವರೆಲ್ಲ ಬೇಕಾದ ಕಂಪೆನಿಯ ಇಂಟರ್ನೆಟ್ಟನ್ನು ಬೇಕಾದಂತೆ ಹಾಕಿಸಿಕೊಳ್ಳುತ್ತಾರೆಂದು ಊರಿನವರ ಎಣಿಕೆ. ನಮ್ಮ ಸೊಸಾಯಿಟಿಗೆ ಅವರು ಒಮ್ಮೆ ಬರಬೇಕು. ಇಲ್ಲಿ ಗಾಳಿಯೂ ಸೆಕ್ರೆಟರಿಯ ಸಹಿ ಇದ್ದರೆ ಮಾತ್ರ ಒಳಗೆ ಬರುವುದು. ಟೆರೇಸಿನಿಂದ ಟೆರೇಸಿಗೆ ಕಪ್ಪು ವಯರು ಎಳೆದುಕೊಂಡು ಬಂದ ಕೇಬಲ್‌ವಾಲಾ ಒಬ್ಬನಿದ್ದಾನೆ. ಗಣಪತಿಯ ಚಂದಾಕ್ಕೆ ಅವನದ್ದೇ ದೊಡ್ಡ ರಸೀದಿ. ಬೇರೆ ಕಂಪೆನಿಯವನು ಬಂದರೆ ಡಕ್ಟಿನಲ್ಲಿ ಜಾಗವಿಲ್ಲ, ಬಣ್ಣ ಹಾಳಾಗುತ್ತದೆ, ಜನರಲ್ ಬಾಡಿಯಲ್ಲಿ ಇಡೋಣ. ಇದು ಕಟ್ಟಡದೊಳಗಿನ ಮಾತಾಯಿತು, ವಯರು ಎಳೆಯಲು ಇಂಥ ಕಟ್ಟಡಗಳೇ ಇಲ್ಲದ ಮುಂಬಯಿಯೂ ಉಂಟು. ಆರೆ ಕಾಲನಿಯ ಆದಿವಾಸಿ ಪಾಡಾಗಳು ಮುಂಬಯಿಯೇ. ಮಾರ್ವೆಯಿಂದ ದೋಣಿ ಹತ್ತಿ ಹೋಗುವ ಮನೋರಿಯೂ ಮುಂಬಯಿಯೇ. ಗೇಟ್‌ವೇಯ ಎದುರಿಗಿರುವ ಘಾರಾಪುರಿ ದ್ವೀಪಕ್ಕೆ, ನಾವು ಎಲಿಫೆಂಟಾ ಎಂದು ನೆಂಟರಿಷ್ಟರನ್ನು ಕರೆದೊಯ್ಯುವ ಜಾಗಕ್ಕೆ, ಸಮುದ್ರದಡಿಯ ಕೇಬಲಿನಲ್ಲಿ ಕರೆಂಟ್ ಬಂದದ್ದು 2018ರಲ್ಲಿ. ನಗರದ ದೀಪಗಳು ಅಲ್ಲಿಂದ ಕಾಣುತ್ತಿದ್ದವು. ಅಲ್ಲಿ ಉರಿಯುತ್ತಿದ್ದದ್ದು ಮಾತ್ರ ದಿನಕ್ಕೆ ಕೆಲವು ಗಂಟೆಯ ಜನರೇಟರು.

ತಮಾಷೆಯೆಂದರೆ ಇಡೀ ದೇಶದ ಇಂಟರ್ನೆಟ್ಟಿನ ದೊಡ್ಡ ಪಾಲು ದಡ ಹತ್ತುವುದೇ ಈ ಮುಂಬಯಿಯಲ್ಲಿ. ಪರದೇಶಗಳಿಂದ ಕಡಲ ತಳದಲ್ಲಿ ಬರುವ ಕೇಬಲುಗಳಲ್ಲಿ ಹೆಚ್ಚಿನವು ವರ್ಸೋವಾದ ಸುತ್ತಮುತ್ತ ಮರಳಿನಡಿಯಿಂದ ಮೇಲೆ ಬರುತ್ತವೆ. ಮೇಲೆ ಕೋಳಿ ಬೆಸ್ತರು ಬೊಂಬಿಲ್ ಮೀನು ಒಣಗಿಸುತ್ತಾರೆ, ಕೆಳಗೆ ದೇಶದ ಅರ್ಧ ವ್ಯವಹಾರ ಹರಿಯುತ್ತದೆ. 2008ರ ಜನವರಿ ಕೊನೆಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹತ್ತಿರ ಎರಡು ಕೇಬಲ್ ತುಂಡಾದಾಗ ಮುಂಬಯಿ, ಬೆಂಗಳೂರಿನ ಆಫೀಸುಗಳೆಲ್ಲ ಕುಂಟಿದವು, ಪತ್ರಿಕೆಗಳಲ್ಲಿ ನಕ್ಷೆ ಬಂತು. ನಮ್ಮೂರಿನ ಕೇಬಲ್ ತುಂಡಾಗುವುದಕ್ಕೆ ಒಂದು ತೆಂಗಿನ ಮಡಲು ಸಾಕು. ಅದಕ್ಕೆ ನಕ್ಷೆ ಇಲ್ಲ. ಎಲ್ಲಿ ಬಿದ್ದಿದೆಯೆಂದು ಕೇಬಲಿನ ಹುಡುಗ ಬೈಕಿನಲ್ಲಿ ಮೇಲೆ ನೋಡುತ್ತಾ ಹೋಗಬೇಕು.

ಈ ಹುಡುಗನ ವಿಷಯ ಸ್ವಲ್ಪ ಹೇಳಬೇಕು. ಊರಿಗೆ ಫೈಬರ್ ಬಂತೆಂದು ಸುದ್ದಿಯಾದಾಗ ನಾನೇ ಮುಂದೆ ಬಿದ್ದು ಅವನಿಗೆ ಫೋನ್ ಮಾಡಿದೆ. ‘ಕೊಡುವ ಅಣ್ಣ, ಆದ್ರೆ ನಿಮ್ಮ ಮನೆ ರೋಡಿಂದ ತುಂಬ ಒಳಗೆ ಉಂಟಲ್ಲ’ ಎಂದ. ನಿಜ. ನನ್ನ ಕಟ್ಟಡದಲ್ಲಿ ಒಂದು ವಯರು ಮೇಲೆ ಹತ್ತಿದರೆ ಏಳು ಮಾಳಿಗೆಯ ಮನೆಗಳೆಲ್ಲ ಅದಕ್ಕೆ ದುಡ್ಡು ಕೊಡುತ್ತವೆ. ಊರಲ್ಲಿ ಮುಖ್ಯ ರಸ್ತೆಯಿಂದ ಅಷ್ಟೇ ವಯರು ಎಳೆದರೆ ಸಿಗುವುದು ಎರಡು ಮನೆ. ಅದರಲ್ಲೊಂದು ಮನೆಯವರು ಮುಂಬಯಿಯಲ್ಲಿ, ಬೀಗ ಹಾಕಿದೆ. ಆದ್ದರಿಂದ ವಯರಿನ ಖರ್ಚು ಮನೆಯವರದ್ದು, ಕಂಬದ ಬದಲಿಗೆ ಅಡಕೆ ಮರ ಮನೆಯವರದ್ದು, ಪೆಟ್ಟಿಗೆ ಮನೆಯವರದ್ದು, ಕರೆಂಟ್ ಹೋದರೆ ಇನ್ವರ್ಟರ್ ಮನೆಯವರದ್ದು. ಕಂಪೆನಿಯದ್ದು ಬಿಲ್ಲು. ಏಪ್ರಿಲ್ ಕೊನೆಗೆ ಗುಡುಗು ಶುರುವಾಯಿತೆಂದರೆ ಮೊದಲು ಮೋಡೆಮಿನ ಪ್ಲಗ್ಗು ಕಿತ್ತಿಡಬೇಕು, ಆಮೇಲೆ ಒಣಗಲು ಹಾಕಿದ ಹಪ್ಪಳ ತೆಗೆಯಬೇಕು. ಒಮ್ಮೆ ಅಮ್ಮ ಹಪ್ಪಳ ಮೊದಲು ತೆಗೆದಳು. ಹಪ್ಪಳ ಉಳಿಯಿತು.

ಹಳ್ಳಿಗೆ ತಂತಿ ಎಳೆಯುವ ಖರ್ಚನ್ನು ಸರಕಾರ ಯೋಚಿಸಿಲ್ಲವೆಂದೇನೂ ಅಲ್ಲ. ಫೋನ್ ಕಂಪೆನಿಗಳ ಲೆಕ್ಕಕ್ಕೆ ಸಿಗುವ ಆದಾಯದಲ್ಲಿ ಶೇಕಡಾ 5ರಷ್ಟು ಇದಕ್ಕೆಂದೇ ಒಂದು ನಿಧಿಗೆ ಹೋಗುತ್ತದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಎಲ್ಲ ಗ್ರಾಮ ಪಂಚಾಯತಿಗಳಿಗೆ, ಸುಮಾರು ಎರಡೂವರೆ ಲಕ್ಷಕ್ಕೆ, ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ವರ್ಷದಲ್ಲಿ ಮುಗಿಯಬೇಕಿತ್ತು. ನಡುವೆ ಅದು ಭಾರತ್‌ನೆಟ್ ಎಂದಾಯಿತು, ಗಡುವುಗಳು ಒಂದರ ಹಿಂದೊಂದು ಹೋದವು, 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿಗೆ ಮಂಜೂರಾತಿ ಸಿಕ್ಕಿತು. ಅದೇ ವರ್ಷ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗ 2 ಎಂಬಿಪಿಎಸ್ ಆಯಿತು. ಕಾಗದದಲ್ಲಿ ಎಲ್ಲವೂ ವೇಗವಾಗಿಯೇ ಇದೆ. ಪಂಚಾಯತ್ ಕಚೇರಿಯ ತನಕ ಬಂದದ್ದು ಅಲ್ಲಿಂದ ಗುಡ್ಡ ಇಳಿದು ಮನೆಗೆ ಬರುವುದು ಹೇಗೆಂಬುದೇ ಎಲ್ಲರೂ ಜಾರಿಕೊಳ್ಳುವ ಜಾಗ. ನನ್ನ ಲೆಕ್ಕ ಇಷ್ಟು: ಮುಂಬಯಿಯಲ್ಲಿ ಕಟ್ಟುವ ಬಿಲ್ಲಿನಲ್ಲಿ ಊರಿನ ಹೆಸರಿನಲ್ಲಿ ಒಮ್ಮೆ ಕೊಟ್ಟಾಯಿತು, ಊರಿನ ವಯರಿಗೆ ಇನ್ನೊಮ್ಮೆ ಕೊಟ್ಟಾಯಿತು. ಹಿಂದೆ ಮನಿಯಾರ್ಡರ್, ಆಮೇಲೆ ಶಾಲೆಯ ಮಾಡಿಗೆ ಹಂಚು, ಬ್ರಹ್ಮಕಲಶಕ್ಕೆ ದೇಣಿಗೆ, ಈಗ ರೀಚಾರ್ಜ್. ಬೇಸರ ಇಲ್ಲ. ರಸೀದಿಯಾದರೂ ಒಂದೇ ಇರಬೇಕಿತ್ತು.

ಓಟಿಪಿ ಎಂಬುದನ್ನು ಕಂಡುಹಿಡಿದವನು ಘಟ್ಟದ ಬುಡದಲ್ಲಿ ಹುಟ್ಟಿದವನಾಗಿರಲಿಕ್ಕಿಲ್ಲ. ಅಮ್ಮನ ಪಾಸ್‌ಬುಕ್ಕಿನದ್ದೊಂದು ಕೆಲಸ ಕಂಪ್ಯೂಟರಿನಲ್ಲೇ ಮುಗಿಸಬಹುದೆಂದು ಡೊಂಬಿವಲಿಯಲ್ಲಿ ಕೂತೆ. ಒಂದು ಗುಂಡಿ ಒತ್ತಿದರೆ ಅಮ್ಮನ ಮೊಬೈಲಿಗೆ ಆರು ಅಂಕಿ ಹೋಗುತ್ತದೆ, ಹತ್ತು ನಿಮಿಷದೊಳಗೆ ಅದನ್ನು ಇಲ್ಲಿ ಹಾಕಬೇಕು. ತೊಟ್ಟೆಯಲ್ಲಿರುವ ಫೋನಿಗೆ ಮೆಸೇಜು ಬರುವುದು ಮನಸ್ಸಾದಾಗ. ಆದ್ದರಿಂದ ನೆರೆಮನೆಯ ಹುಡುಗ ಅಮ್ಮನ ಫೋನ್ ಹಿಡಿದು, ದೈವದ ಗುಡಿಯ ಮೇಲಿನ ತಿರುವಿಗೆ ಬೈಕಿನಲ್ಲಿ ಹೋಗಿ ನಿಂತ. ಅವನದ್ದು ಬೇರೆ ಕಂಪೆನಿಯ ಫೋನು. ಅದು ಅಲ್ಲಿ ಹಿಡಿಯುತ್ತದೆ.

‘ಮಾಮ, ಒತ್ತಿ.’

ಒತ್ತಿದೆ.

‘ಬರ್ಲಿಲ್ಲ.’

‘ಸ್ವಲ್ಪ ಮೇಲೆ ಹೋಗು ಮಾರಾಯ.’

‘ಇನ್ನು ಮೇಲೆ ಹೋದ್ರೆ ನನ್ನದು ಹೋಗ್ತದೆ.’

ಇನ್ನೊಮ್ಮೆ ಒತ್ತಿದೆ. ಕೊನೆಗೆ ಎರಡೂ ಒಟ್ಟಿಗೇ ಬಂದವು. ಹುಡುಗ ಮೊದಲು ಓದಿದ್ದು ಹಳೆಯದನ್ನು. ಅದು ತಪ್ಪೆಂದು ಯಂತ್ರ ಹೇಳಿತು. ಹೊಸದನ್ನು ಓದುವುದರೊಳಗೆ ಅವಧಿ ಮುಗಿಯಿತು. ಭದ್ರತೆಯ ದೃಷ್ಟಿಯಿಂದ ನಾಳೆ ಪ್ರಯತ್ನಿಸಿ ಎಂದು ಪರದೆಯ ಮೇಲೆ ಬಂತು. ಅಮ್ಮನ ದುಡ್ಡಿಗೆ ಇಷ್ಟು ಭದ್ರತೆ ಅವಳ ಕಬ್ಬಿಣದ ಪೆಟ್ಟಿಗೆಯೂ ಕೊಟ್ಟಿರಲಿಲ್ಲ.

ಕೊರೋನಾ ವರ್ಷಗಳಲ್ಲಿ ಇದು ನಗುವ ವಿಷಯವಾಗಿ ಉಳಿಯಲಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದಿಂದ ಒಂದು ಫೋಟೋ ಬಂತು: ಸುರಿಯುವ ಮಳೆಯಲ್ಲಿ ರಸ್ತೆ ಬದಿಗೆ ಕೂತು ಹುಡುಗಿ ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ಅದನ್ನು ಮುಂಬಯಿಯಲ್ಲಿ ನಾವೆಲ್ಲ ಗ್ರೂಪಿನಿಂದ ಗ್ರೂಪಿಗೆ ಕಳಿಸಿದೆವು, ಫೋರ್ಜಿಯಲ್ಲಿ, ಎರಡು ಸೆಕೆಂಡಿನಲ್ಲಿ. ಆ ಸಮಯಕ್ಕೆ ಊರು ಸೇರಿದ್ದ ಮುಂಬಯಿ ಹುಡುಗರು, ಇನ್ನು ಇಲ್ಲೇ ಇದ್ದು ಕೆಲಸ ಮಾಡುತ್ತೇವೆ, ಅಜ್ಜಿಯ ಕೈಯ ಗಂಜಿ ಉಣ್ಣುತ್ತೇವೆ ಎಂದು ಹೊರಟರು. ನನ್ನ ಅಳಿಯ ಅಂಗಳದ ಮೂಲೆ, ಹಲಸಿನ ಬುಡ, ಗುಡಿಯ ತಿರುವು ಎಲ್ಲ ಕಡೆ ಲ್ಯಾಪ್‌ಟಾಪ್ ಇಟ್ಟು ನೋಡಿ, ಕೊನೆಗೆ ಕಾರ್ಕಳ ಪೇಟೆಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದ. ಮನೆಯಿಂದ ಕೆಲಸ ಮಾಡಲಿಕ್ಕೆ ಬಾಡಿಗೆ ರೂಮು! ದಿನಾ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಹೋಗುತ್ತಿದ್ದ. ಇದಕ್ಕಿಂತ ಡೊಂಬಿವಲಿ ಫಾಸ್ಟ್ ಲೋಕಲ್ಲೇ ಲೇಸೆಂದು ತಿರುಗಿ ಬಂದ.

ಈಗ ತಂತಿ ಎರಡೂ ಕಡೆಯವರಿಗೆ ಬೇಕು. ಹರಕೆಯ ಬಯಲಾಟಕ್ಕೆ ಕಟೀಲು ಮೇಳವನ್ನು ವರ್ಷಗಟ್ಟಲೆ ಮೊದಲೇ ಗೊತ್ತು ಮಾಡಿದ ಮುಂಬಯಿ ಮನೆಯವರು, ರಜೆ ಸಿಗದ ನೆಂಟರಿಗೆ ಲೈವ್ ಬಿಡುತ್ತಾರೆ. ಕಳೆದ ಬಾರಿ ನಾವು ಏಳೆಂಟು ಮನೆಯವರು ಒಂದೇ ಟೀವಿಯ ಮುಂದೆ ಕೂತಿದ್ದೆವು. ದೊಂದಿ ಹೊತ್ತಿತು, ರಾಳ ಎರಚಿದರು, ಚೆಂಡೆ ಏರಿತು, ಮಹಿಷಾಸುರ ಜನರ ನಡುವಿನಿಂದ ಬರಬೇಕು. ಪರದೆಯಲ್ಲಿ ಬಿಳಿ ಉಂಗುರ ತಿರುಗತೊಡಗಿತು. ತಿರುಗಿತು, ತಿರುಗಿತು. ಉಂಗುರ ನಿಂತಾಗ ಮಹಿಷಾಸುರ ಸತ್ತಾಗಿತ್ತು, ದೇವಿಯ ಉಯ್ಯಾಲೆ ನಡೆಯುತ್ತಿತ್ತು.

ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನ ಹತ್ತಿರ ಉಪಗ್ರಹದ ವಿಷಯ ತೆಗೆದೆ. ಸ್ಟಾರ್‌ಲಿಂಕ್‌ನವರಿಗೆ 2025ರಲ್ಲಿ ಪರವಾನಗಿ ಸಿಕ್ಕಿದೆ. ವಯರೂ ಬೇಡ, ಕಂಬವೂ ಬೇಡ, ಮಾಡಿನ ಮೇಲೊಂದು ತಟ್ಟೆ ಇಟ್ಟರೆ ನೇರ ಆಕಾಶದಿಂದ ಬರುತ್ತದೆ ಎಂದೆ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲ ಕೇಳಿದರು.

‘ಗುಡುಗಿಗೆ ಎಂತ ಆಗ್ತದೆ ಅದು?’

‘ಅದಕ್ಕೂ ಪ್ಲಗ್ಗು ತೆಗೆಯಬೇಕು ಅಂತ ಕಾಣ್ತದೆ.’

‘ಮಂಗ ಕಿತ್ತು ಹಾಕಿದರೆ?’

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಟ್ಟೆಯನ್ನು ಎಲ್ಲಿಡುವುದು, ಹಲಸಿನ ಗೆಲ್ಲು ಅಡ್ಡ ಬರುತ್ತದೋ, ತೆಂಗಿನಕಾಯಿ ಬಿದ್ದರೆ ತಡೆಯುತ್ತದೋ ಎಂದು ಅವರು ಒಂದೊಂದೇ ವಿಚಾರಿಸಿಕೊಂಡರು. ದುಡ್ಡೆಷ್ಟು ಎಂದು ಮಾತ್ರ ಕೇಳಲಿಲ್ಲ. ಅದು ಮುಂಬಯಿಯಿಂದ ಬರುತ್ತದೆಂದು ಅವರಿಗೆ ಗೊತ್ತಿತ್ತು.